ಖಂಡೆ ಪೂಜೆಗೆ ಕೂಡಿಸಿದ ಡಿಸ್ಕು

ಸಿಂದಗಿ ಪೇಟೆಯಲ್ಲಿ ಭುವನೇಶ್ವರಿಯ ಕೆಲಸಕ್ಕಿಂತ ಅವಳ ಸಿಟ್ಟೇ ಹೆಚ್ಚು ಹೆಸರುವಾಸಿ. ಮನೆಯ ಮುಂದಿನ ಖೋಲಿಯಲ್ಲಿ ಅವಳದೊಂದು ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿ. ಯಂತ್ರ ಓಡಿಸುವವನು ಗಂಡ ಸಂಗು. ಆ ಯಂತ್ರ ಯಾವ ಹೂ ಹೊಲಿಯಬೇಕು, ಸೂಜಿ ಎಲ್ಲಿ ಏಳಬೇಕು ಎಲ್ಲಿ ಇಳಿಯಬೇಕು ಅನ್ನುವುದನ್ನು ಕಂಪ್ಯೂಟರಿನಲ್ಲಿ ಬರೆದಿಡುವವಳು ಅವಳು. ಕುಸುಬಿ ಹೂ, ಜೋಳದ ತೆನೆ, ಹತ್ತಿ ಕಾಯಿ, ಎಲ್ಲ ಅವಳ ಸ್ವಂತ ಕೈಯವು. ಬೇರೆ ಅಂಗಡಿಯವರು ಇಂಟರ್ನೆಟ್ಟಿನ ಗುಲಾಬಿ ಇಳಿಸಿ ಹೊಲಿದುಕೊಡುತ್ತಾರೆ. ಆಲಮೇಲದ ಬಸ್ಸಿಳಿದ ಹೆಂಗಸರು ಆ ಗುಲಾಬಿಗಳನ್ನೆಲ್ಲ ದಾಟಿ ಇಲ್ಲಿಗೆ ಬರುತ್ತಿದ್ದುದು ಕುಸುಬಿ ಹೂವಿಗಾಗಿ. ಆ ಡಿಸೈನುಗಳು ಹೋದರೆ ಯಂತ್ರವಿದ್ದೂ ಅಂಗಡಿಯಿಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಊರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಇರಮಳನ್ನು ಕರೆಸಿ ಕಂಪ್ಯೂಟರಿನ ಕಾವಲಿಗೆ ಬೇಕಾದ್ದನ್ನೆಲ್ಲ ಕೂಡಿಸಿಕೊಂಡಿದ್ದಳು. ಇರಮ ಹೋಗುವಾಗ ಅಂಗೈಯಗಲದ ಒಂದು ಡಿಸ್ಕು ಕೈಗಿಟ್ಟು ಹೇಳಿದ್ದಳು:

“ಭುವಕ್ಕ, ನಿಮ್ಮ ಡಿಸೈನ್ ಎಲ್ಲಾದರದೂ ಒಂದೊಂದು ಕಾಪಿ ಇದರಾಗ ಇರಲಿ. ಶುಕ್ರವಾರಕ್ಕೊಮ್ಮಿ ಹಚ್ರಿ, ಕಾಪಿ ಮಾಡ್ರಿ, ತಗದು ತಿಜೋರ್‍ಯಾಗ ಇಡ್ರಿ. ಹಚ್ಚಿ ಮಾತ್ರ ಬಿಡಬ್ಯಾಡ್ರಿ. ಕಂಪ್ಯೂಟರಿಗೆ ಬಂದ ರೋಗ ಇದಕ್ಕೂ ಬರ್ತೈತಿ. ಮತ್ತ ಕಂಪ್ಯೂಟರಿನಾಗ ಹೊಸದೇನರ ಹಾಕೂಮುಂದ ಪಾಸ್‌ವರ್ಡ್ ಕೇಳ್ತೈತಿ. ಅದು ನಿಮಗೊಬ್ಬರಿಗೇ ಗೊತ್ತಿರಲಿ.”

ಭುವನೇಶ್ವರಿ ಅದನ್ನು ವ್ರತದಂತೆ ಹಿಡಿದಳು. ಪೆನ್‌ಡ್ರೈವ್ ಹಿಡಿದು ಬಂದ ಗಿರಾಕಿಗಳನ್ನು ಹೊಸ್ತಿಲಲ್ಲೇ ತಡೆದಳು. ಮೊಬೈಲು ಚಾರ್ಜಿಗೆ ಹಾಕಲು ಬಂದ ಸ್ವಂತ ತಮ್ಮನಿಗೆ, “ಕಂಪ್ಯೂಟರಿಗೆ ಹಚ್ಚಿದ್ರ ಕೈ ಮುರೀತೇನಿ ನೋಡು” ಅಂದಳು. ಪೇಟೆಯವರು ‘ಪಾಸ್‌ವರ್ಡ್ ಭುವಕ್ಕ’ ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ ಬಿಡು, ಅಂದುಕೊಂಡಳು.

ಹೀಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವಾಗ ಮಹಾನವಮಿ ಬಂತು. ಅಂದು ಖಂಡೆ ಪೂಜೆ, ಆಯುಧಗಳಿಗೆಲ್ಲ ಪೂಜೆ. ಒಕ್ಕಲಿನವರು ಕುಡಗೋಲು, ಕುರುಪಿಗೆ ಕುಂಕುಮ ಹಚ್ಚಿದರೆ ಈ ಮನೆಯಲ್ಲಿ ಕತ್ತರಿ, ಯಂತ್ರ, ಕಂಪ್ಯೂಟರಿಗೆ. ಪೂಜೆಯ ಯಜಮಾನಿಕೆ ಅತ್ತೆ ಇಂದ್ರಾಬಾಯಿಯದು. ಒಮ್ಮೆ ಕುಂಕುಮ ಬಿದ್ದ ಆಯುಧವನ್ನು ಮರುದಿನ ದಸರೆಯ ಮುಂಜಾನೆಯವರೆಗೆ ಯಾರೂ ಮುಟ್ಟುವಂತಿಲ್ಲ.

ಭುವನೇಶ್ವರಿ ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದಳು. ಹೊರಗಿನಿಂದ ಸಂಗು ಕೂಗಿದ:

“ಭುವಾ, ಪಾಸ್‌ವರ್ಡ್ ಕೇಳಾಕತ್ತೈತಿ!”

“ಯಾಕ್ರೀ? ಏನ್ ಹಾಕಾಕತ್ತೀರಿ?”

“ದೇವಿ ಫೋಟೋ! ತಾನ ಗಂಟಿ ಬಾರಿಸ್ತೈತಿ, ತಾನ ಹೂವು ಉದುರಸ್ತೈತಿ. ಇಂಟರ್ನೆಟ್ಟಿನಾಗ ಫುಕಟ ಐತಿ!”

ಬೇರೆ ದಿನವಾಗಿದ್ದರೆ ಲಟ್ಟಣಿಗೆ ಹಿಡಿದೇ ಹೊರಗೆ ಬರುತ್ತಿದ್ದಳು. ಫುಕಟ ಅನ್ನುವ ಮಾತು ಕೇಳಿ ಎದೆ ಒಮ್ಮೆ ಅಳುಕಿತು ಕೂಡ. ಆದರೆ ನವಮಿಯ ದಿನ, ಪಕ್ಕದಲ್ಲೇ ಅತ್ತೆ ಹೋಳಿಗೆ ಲಟ್ಟಿಸುತ್ತಿರುವಾಗ, ದೇವಿಗೆ ಬೇಡ ಅನ್ನುವುದು ಹೇಗೆ? ಕೂತಲ್ಲಿಂದಲೇ, ಇಡೀ ಓಣಿಗೆ ಕೇಳುವಂತೆ ಪಾಸ್‌ವರ್ಡ್ ಕೂಗಿ ಹೇಳಿದಳು.

ಪೂಜೆಗೆ ಕೂತಾಗ ಪರದೆಯ ಮೇಲೆ ದೇವಿ ಝಗಝಗ ಹೊಳೆಯುತ್ತಿದ್ದಳು, ಗಂಟೆಯೂ ಬಾರಿಸುತ್ತಿತ್ತು. ಸಂಗು ತಾನೇ ದೇವಿಯನ್ನು ಕರೆತಂದವನಂತೆ ಎದೆಯುಬ್ಬಿಸಿ ನಿಂತಿದ್ದ. ಇಂದ್ರಾಬಾಯಿ ಒಂದೊಂದಕ್ಕೇ ಕುಂಕುಮ ಹಚ್ಚುತ್ತಾ ಬಂದವಳು ನಡುವೆ ಕೈ ತಡೆದಳು.

“ತಿಜೋರ್‍ಯಾಗ ಇಡ್ತೀಯಲ್ಲ, ಅದೆಲ್ಲಿ?”

“ಅದ್ಯಾಕ್ರಿ ಅತ್ತಿ?”

“ಯಾಕಂದ್ರ? ಅಂಗಡಿ ಜೀವ ಅದರಾಗ ಐತಿ ಅಂತ ನೀನ ಅಂತಿದ್ದಿ. ಜೀವಾ ಒಳಗಿಟ್ಟು ಬರೀ ಮೈಗೆ ಪೂಜಿ ಮಾಡ್ಲೇನು?”

ಭುವನೇಶ್ವರಿ ಡಿಸ್ಕನ್ನು ತಂದು ಮೇಜಿನ ಮೇಲಿಟ್ಟಳು. ಅಷ್ಟಕ್ಕೆ ಮುಗಿದಿದ್ದರೆ ಪುಣ್ಯ.

“ಕೂಡಸು ಅದನ್ನ. ಕತ್ತರಿ ಎರಡು ಹೋಳು ಮಾಡಿ ಯಾರರ ಪೂಜಿ ಮಾಡ್ತಾರೇನು?”

ಆರತಿ ಮುಗಿಯುವವರೆಗೆ ತಾನೇ, ಅಂದುಕೊಂಡು ಭುವನೇಶ್ವರಿ ಡಿಸ್ಕಿನ ವೈರನ್ನು ಕಂಪ್ಯೂಟರಿಗೆ ಜೋಡಿಸಿದಳು. ಇಂದ್ರಾಬಾಯಿ ಅದಕ್ಕೂ ಕುಂಕುಮ ಹಚ್ಚಿ, ಮೇಲೊಂದು ಹಿಡಿ ಸೇವಂತಿಗೆ ಹಾಕಿದಳು. ಆರತಿ ಮುಗಿಯಿತು. ಭುವನೇಶ್ವರಿಯ ಕೈ ವೈರಿನತ್ತ ಹೋಯಿತು.

“ಹಾಂ! ಮುಟ್ಟಬ್ಯಾಡ! ಕುಂಕುಮ ಬಿದ್ದೈತಿ.”

ಊರನ್ನೆಲ್ಲ ಹೆದರಿಸಿದ ಬಾಯಿಗೆ ಆಗ ಬೀಗ ಬಿತ್ತು. ಡಿಸ್ಕು ಜೋಡಿಸಿದಂತೆಯೇ ಉಳಿಯಿತು. ದೇವಿಯ ಮುಂದೆ ಕತ್ತಲಾಗಬಾರದೆಂದು ಸಂಗು ಕಂಪ್ಯೂಟರನ್ನೂ ಆರಿಸಲಿಲ್ಲ.

ದಸರೆಯ ಮುಂಜಾನೆ ಸಂಗು ಕೈಮುಗಿದು ಮೌಸ್ ಅಲ್ಲಾಡಿಸಿದರೆ ದೇವಿಯೂ ಇಲ್ಲ, ಗಂಟೆಯೂ ಇಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬೆದರಿಕೆ: ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ರೊಕ್ಕ ಕಳಿಸಿದರೆ ತೆಗೆಯುತ್ತೇವೆ. ಯಾವ ದೇಶದ ಕಳ್ಳನೋ ಏನೋ! ಕುಸುಬಿ ಹೂವಿನ ಕಡತದ ಹೆಸರಿಗೆ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿತ್ತು. ಯಾವುದೂ ತೆರೆಯಲಿಲ್ಲ.

ಫೋನು ಮಾಡಿದ ಕೂಡಲೇ ಇರಮ ಓಡಿ ಬಂದಳು.

“ಫುಕಟ ಸಿಕ್ತಂತ ಏನೋ ಹಾಕೀರಿ. ದೇವಿ ಫೋಟೋದಾಗ ಕಳ್ಳ ಕುಂತು ಬಂದಾನ. ರೊಕ್ಕ ಕಳಿಸಬ್ಯಾಡ್ರಿ, ಕಳಿಸಿದ್ರೂ ಕೊಡ್ತಾರಂತ ಖಾತ್ರಿ ಇಲ್ಲ.” ಆಮೇಲೆ ಸಮಾಧಾನವಾಗಿ ನಕ್ಕಳು. “ಅಂಜಬ್ಯಾಡ್ರಿ ಭುವಕ್ಕ. ಎಲ್ಲಾ ಒರಸಿ ಹೊಸದಾಗಿ ಕೂಡಸೋಣು. ತಿಜೋರ್‍ಯಾಗಿಂದ ಡಿಸ್ಕ್ ತರ್ರಿ.”

ಯಾರೂ ತಿಜೋರಿಯತ್ತ ಹೋಗಲಿಲ್ಲ. ಸಂಗು ಯಂತ್ರದಲ್ಲಿ ನೆಟ್ಟಗಿದ್ದ ದಾರವನ್ನೇ ಮತ್ತೆ ನೆಟ್ಟಗೆ ಮಾಡತೊಡಗಿದ. ಇರಮಳ ಕಣ್ಣು ಕಂಪ್ಯೂಟರಿನ ಹಿಂದಿನಿಂದ ಹೊರಟ ವೈರನ್ನೇ ಹಿಡಿದು ಸೇವಂತಿಗೆಯ ರಾಶಿಯವರೆಗೆ ಬಂತು. ಹೂ ಸರಿಸಿದಳು.

“ಇದು… ನಿನ್ನಿಯಿಂದ ಹಚ್ಚೇ ಐತೇನ್ರಿ?”

ಭುವನೇಶ್ವರಿಗೆ ಮೈಯೆಲ್ಲ ಉರಿಯಿತು. ಬೈಯಬೇಕು, ಆದರೆ ಯಾರನ್ನು? ಗಂಡನನ್ನು ಬೈಯೋಣವೆಂದರೆ ಪಾಸ್‌ವರ್ಡ್ ಕೂಗಿದವಳು ತಾನು. ಅತ್ತೆಯನ್ನು ಬೈಯೋಣವೆಂದರೆ ವೈರು ಜೋಡಿಸಿದ್ದು ತನ್ನದೇ ಕೈ. ದೇವಿಯನ್ನಂತೂ ಬೈಯುವಂತಿಲ್ಲ. ಒಳಗೆ ಹೋಗಿ ಹೋಳಿಗೆಯ ಹಂಚನ್ನು ಬಚ್ಚಲಿಗೆ ಧಡ್ಡನೆ ಒಗೆದಳು. ಅಷ್ಟರಲ್ಲಿ ನೆರೆಮನೆಯವರು ಬನ್ನಿ ಎಲೆ ಹಿಡಿದು ಬಂದು, “ಬಂಗಾರ ತಗೋರಿ, ಬಂಗಾರದಂಗ ಇರೋಣು” ಅಂದರು. ಹಲ್ಲು ಕಚ್ಚಿ, “ಇರೋಣ್ರಿ” ಅಂದಳು.

ಇರಮ ಎಲ್ಲ ಒರೆಸಿ ಹೊಸದಾಗಿ ಕೂಡಿಸಿಕೊಟ್ಟಳು. ಅದೇ ಬೀಗ ಬಿದ್ದಿದ್ದ ಡಿಸ್ಕನ್ನೂ ಒರೆಸಿ ಖಾಲಿ ಮಾಡಿದಳು. ಎಂಬ್ರಾಯಿಡರಿ ಯಂತ್ರದ ಸ್ವಂತ ನೆನಪಿನಲ್ಲಿ ಒಂದೇ ಒಂದು ಡಿಸೈನು ಉಳಿದಿತ್ತು. ಅದೂ ಯಾವುದೋ ಶಾಲೆಯ ಮಕ್ಕಳ ಅಂಗಿಯ ಬಿಲ್ಲೆ! ಉಳಿಯುವುದೇ ಆದರೆ ಈ ದರಿದ್ರ ಬಿಲ್ಲೆಯೇ ಉಳಿಯಬೇಕೇ, ಅಂತ ಭುವನೇಶ್ವರಿ ಹಣೆ ಚಚ್ಚಿಕೊಂಡಳು. ಯಂಕಂಚಿಯಿಂದ ಮದುವೆಯ ಕುಪ್ಪಸ ಹಿಡಿದು ಬಂದವರು ಕುಸುಬಿ ಹೂ ಇಲ್ಲವೆಂದು ಕೇಳಿ ಮುಂದಿನ ಅಂಗಡಿಯ ಗುಲಾಬಿಗೆ ಹೋದರು. ಅವರು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಡಿಸ್ಕು ಈಗ ತಿಜೋರಿಯಲ್ಲಿಲ್ಲ. ಯಾರೂ ಹೇಳದೆಯೇ ಇಂದ್ರಾಬಾಯಿ ಅದನ್ನು ತನ್ನ ಎಲೆ-ಅಡಿಕೆಯ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಭುವನೇಶ್ವರಿ ಕಣ್ಣು ನೋಯುವವರೆಗೆ ಕೂತು ಕುಸುಬಿ ಹೂವನ್ನು ಮೊದಲಿನಿಂದ ಬರೆದಳು. ಮೊದಲಿನಷ್ಟು ಚೆಂದ ಬರಲಿಲ್ಲ. ಆದರೂ ಶುಕ್ರವಾರ ಅತ್ತೆಯ ಮುಂದೆ ಕೈ ಚಾಚಿದಳು. ಇಂದ್ರಾಬಾಯಿ ಡಿಸ್ಕು ಕೊಟ್ಟು, ಅದನ್ನು ಮರಳಿ ಪಡೆಯಲು ಕೈ ಚಾಚಿ ಬೆನ್ನಿಗೇ ನಿಂತಳು.

“ಹಚ್ಚಿದಿ? ಆತೇನು? ತಗದಿ? ಏ, ತಗದೇನಿಲ್ಲ?”

ಭುವನೇಶ್ವರಿ ಗರ್ರನೆ ತಿರುಗಿದಳು.

“ಈ ‘ತಗದಿ’ ಅನ್ನೂ ಮಾತು ನವಮಿ ದಿನ ನಿಮ್ಮ ಬಾಯಾಗ ಯಾಕ ಬರಲಿಲ್ಲರಿ ಅತ್ತಿ?”

ಇಂದ್ರಾಬಾಯಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

“ನನಗೇನ ತಿಳೀತೈತಿ ಕಂಪ್ಯೂಟರ್? ನಿನಗ ತಿಳೀತಿತ್ತಲ್ಲ. ಊರ ಮಂದಿಗೆಲ್ಲಾ ಒದರಾಕಿ ನೀ, ಆವತ್ತ ನನಗೊಬ್ಬಾಕಿಗೆ ಯಾಕ ಒದರಲಿಲ್ಲ?”

ಭುವನೇಶ್ವರಿ ವೈರು ಕಿತ್ತು, ಡಿಸ್ಕನ್ನು ಅತ್ತೆಯ ಕೈಯಲ್ಲಿಟ್ಟಳು.