ಮೈಕು ಎಂದು ಹೆಸರಿಟ್ಟವರು

ನನ್ನ ಅಕ್ಕನ ಮಗಳಿಗೆ ಓಣಿಯವರು 'ಮೈಕು' ಎಂದು ಹೆಸರಿಟ್ಟಿದ್ದಾರೆ. ಇಟ್ಟವರ ನಾಲಿಗೆ ಬಿದ್ದುಹೋಗಲಿ. ಅವಳೇನು ಹುಟ್ಟುವಾಗಲೇ ಈ ದೊಡ್ಡ ಗಂಟಲು ಹೊತ್ತು ಬಂದವಳಲ್ಲ. ಚಿಕ್ಕವಳಿದ್ದಾಗ ನೀರು ಬೇಕಾದರೂ ನನ್ನ ಕೈ ಎಳೆದು ತೋರಿಸುತ್ತಿದ್ದ ಹುಡುಗಿ ಅದು.

ಭಾವ ನೂಲಿನ ಗಿರಣಿಯಲ್ಲಿದ್ದರು. ಯಂತ್ರಗಳ ಸದ್ದು ಅವರ ಎರಡೂ ಕಿವಿ ತಿಂದುಹಾಕಿತು. ಅಕ್ಕ ತೀರಿಕೊಂಡ ಮೇಲೆ ಅವರಿಗೆ ಕೂಗಿ ಹೇಳುವ ಕೆಲಸ ಈ ಹುಡುಗಿಯ ಕೊರಳಿಗೆ ಬಿತ್ತು. ಅವಳ ತಮ್ಮ ಮಹಾಶಯನಿಗೆ ಕೂಗಲು ನಾಚಿಕೆ. ದನಿ ದೊಡ್ಡದಾಗಿದ್ದೇ ತಡ, ಎಲ್ಲರಿಗೂ ಅವಳು ಬೇಕಾದಳು. ಮನೆ ಮಾಲೀಕ ನೀರು ನಿಲ್ಲಿಸಿದನೇ, "ಅಕ್ಕಾ, ನೀನೇ ಹೋಗಿ ಕೇಳು." ಶಾಲೆಯಲ್ಲಿ ಯಾರೋ ಹೊಡೆದರೇ, "ಅಕ್ಕಾ, ನೀನೇ ಬಾ." ಅವಳು ಊರಿನವರ ಬಾಯಿಗೆಲ್ಲ ಬಿದ್ದಳು, ಇವನು ಬೆಣ್ಣೆಯಂಥವನೆನಿಸಿಕೊಂಡ. ಚರಂಡಿ ಕಟ್ಟಿಕೊಂಡಾಗ ಓಣಿಯವರೂ ಇವಳನ್ನೇ ಮುಂದೆ ಬಿಟ್ಟು, ಕೆಲಸವಾದ ಮೇಲೆ "ಏನು ಬಾಯಪ್ಪಾ ಅದು" ಎಂದು ಮೂಗು ಮುರಿದರು. ಹತ್ತಿದ ಏಣಿ ಒದೆಯುವ ಜನ. ಈಗ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಕೂಗುವ ಕೆಲಸ ಮಾಡುತ್ತಾಳೆ. ಅದೂ ಆ ಗಂಟಲಿಗೇ ಸಿಕ್ಕಿದ್ದು.

ಹೋದ ಭಾನುವಾರ ತಮ್ಮನ ಮದುವೆ ಮಾತಿಗೆ ಹುಡುಗಿಯ ಕಡೆಯವರು ಬರುವವರಿದ್ದರು. ಅವಳು ನೆಲ ಒರೆಸಿ, ಪಕ್ಕದ ಮನೆಯಿಂದ ಕುರ್ಚಿ ತಂದಿಟ್ಟು, ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದಳು. ಇವನು ಬಂದ.

"ಅಕ್ಕಾ, ನೀನು ಒಳಗೇ ಇರು. ನಿನ್ನ ಗಂಟಲು ಕೇಳಿದ್ರೆ ಅವರು ಹೆದರ್ತಾರೆ."

"ನಿನ್ನ ಮದುವೆ ಮಾತಿಗೆ ನಾನು ಕೂತ್ಕೋಬಾರ್ದಾ?"

"ಇದೊಂದು ದಿನ, ಅಷ್ಟೇ."

ಅವಳು ಎದ್ದು ಒಳಕೋಣೆಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ಅವಳೇ ಕಣ್ಣಲ್ಲಿ ಬೇಡವೆಂದಳೆಂದು ಹಲ್ಲು ಕಚ್ಚಿಕೊಂಡು ಕೂತೆ.

ಬಂದವರು ಕಾಫಿ ಕುಡಿದರು. ಹುಡುಗಿಯ ತಾಯಿ ಭಾವನ ಕಡೆ ತಿರುಗಿ, "ನಿಮಗೆ ಮಕ್ಕಳೆಷ್ಟು ಜನ?" ಎಂದರು. ಭಾವನಿಗೆ ಕೇಳಿಸಲಿಲ್ಲ. ಮಗಳಿಗಾಗಿ ಒಳಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಇವನು ಬಾಯಿ ಹಾಕಿದ.

"ನಾನೊಬ್ಬನೇ. ಬೇರೆ ಯಾರೂ ಇಲ್ಲ."

ಓಣಿಗೆಲ್ಲ ಗೊತ್ತಿರುವ ಅಕ್ಕನನ್ನು ಮುಚ್ಚಿಡುತ್ತಾನಂತೆ, ಮೂರ್ಖ. ಭಾವ ಪಾಪ, ಏನೋ ಒಳ್ಳೆಯ ಮಾತಿರಬೇಕೆಂದು ನಗುತ್ತ ತಲೆಯಾಡಿಸಿದರು.

ನಾನು ಎದ್ದು ಒಳಬಾಗಿಲು ತಳ್ಳಿದೆ. ಅವಳು ಮಂಚದ ಮೇಲೆ ಕೂತು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಎಲ್ಲ ಕೇಳಿಸಿತ್ತು ಅವಳಿಗೆ.

"ಹೊರಗೆ ಬಾ. ನೀನಿದ್ದೀಯ ಅಂತ ಹೇಳು."

"ಬಿಡಿ ಚಿಕ್ಕಮ್ಮ, ಅವನ ಮದುವೆ ಆಗ್ಲಿ," ಎಂದಳು. ಎದುರಿಗೆ ನಿಂತ ನನಗೇ ಸರಿಯಾಗಿ ಕೇಳಿಸಲಿಲ್ಲ.

ಹೊರಗೆ ಭಾವ, "ಏನು ಕೇಳಿದ್ರು? ಏನಂದ್ರು?" ಎನ್ನುತ್ತಿದ್ದರು. ಇವನು ಅಂಗಿಯ ಗುಂಡಿ ನೋಡಿಕೊಂಡು ಕೂತಿದ್ದ. ನಾನು ಬೈದರೂ ಮೆಲ್ಲಗೆ ಬೈಯುವವಳು. ಅವತ್ತು ಭಾವನ ಕಿವಿಗೆ ಬಾಯಿಟ್ಟು ಬೀದಿಗೆ ಕೇಳುವಂತೆ ಕೂಗಿದೆ.

"ಭಾವ, ನಿಮಗೆ ಮಗಳೇ ಇಲ್ವಂತೆ. ನಿಮ್ಮ ಮಗ ಹೇಳಿದ, ನೀವು ಹೌದು ಅಂತ ತಲೆಯಾಡಿಸಿದ್ರಿ."