ಚೆಂಡು ಬಿದ್ದ ಜಾಗ ನೋಡುವವರು

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಕಬ್ಬಿಣದ ಕೋಲು ನಿಂತಿದೆ. ಅದರ ತುದಿ ಚಪ್ಪಟೆಯಾಗಿ ಒಂದು ಬದಿಗೆ ಬಾಗಿರುವುದರಿಂದ, ಬಾಗಿಲಿಗೆ ಬಂದವರು ತಮ್ಮ ತಮ್ಮ ಲೋಕಾನುಭವಕ್ಕೆ ತಕ್ಕಂತೆ ಅದಕ್ಕೊಂದು ಅರ್ಥ ಹಚ್ಚುತ್ತಾರೆ. ಹಾಲು ಹಾಕುವವನ ಪ್ರಕಾರ ಅದು ಹಾವನ್ನು ಒತ್ತಿ ಹಿಡಿಯುವ ಸಾಧನ. ಕರೆಂಟಿನ ಮೀಟರು ನೋಡಲು ಬರುವವನ ಪ್ರಕಾರ ಹುಣಸೆಕಾಯಿ ಕೆಡವುವ ಕೋಲು. ಗಾಲ್ಫ್ ಆಡುವುದಕ್ಕೆ ತಂದದ್ದು ಎಂದು ಹೇಳಿದರೆ ಇಬ್ಬರೂ ಕೋಲನ್ನು ಬಿಟ್ಟು ನನ್ನ ಮುಖವನ್ನೇ ಪರೀಕ್ಷಿಸುತ್ತಾರೆ. ಅವರ ತಪ್ಪೇನಿಲ್ಲ. ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ವಾಸವಾಗಿರುವ, ಮದುವೆಯಾಗದ, ಐವತ್ತು ದಾಟಿದ ಗಣಿತದ ಮಾಸ್ತರನೊಬ್ಬ ಗಾಲ್ಫ್ ಕಲಿಯಲು ಹೊರಟನೆಂದರೆ ನೀವೂ ಹಾಗೇ ನೋಡುತ್ತಿದ್ದಿರಿ.

ಇದಕ್ಕೆಲ್ಲ ಮೂಲ ಇಸ್ಪೀಟು. ಹೊಳೆಯ ದಂಡೆಯ ನಮ್ಮ ಹಳೆಯ ಊರಿನಲ್ಲಿ ಸಂಜೆಯಾದರೆ ನಾಲ್ವರು ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಆಣೆಕಟ್ಟಿನ ಹಿನ್ನೀರು ಊರಿಗೆ ಬಂತು, ನಾವು ಊರು ಬಿಟ್ಟೆವು. ಒಬ್ಬ ಮುಧೋಳಕ್ಕೆ ಹೋದ, ಒಬ್ಬ ಜಮಖಂಡಿಯ ಮಗಳ ಮನೆ ಸೇರಿದ, ಮತ್ತೊಬ್ಬ ಬನಹಟ್ಟಿಯಲ್ಲಿ ಮಗ್ಗ ಹಾಕಿದ. ನಾಲ್ವರ ಆಟದಲ್ಲಿ ಒಬ್ಬನೇ ಉಳಿದರೆ ಎಲೆ ಹಂಚುವುದು ಹೇಗೆಂದು ಯಾವ ನಿಯಮವೂ ಹೇಳುವುದಿಲ್ಲ. ಹೊಸ ಊರಿನ ರಸ್ತೆಗಳು ಗೆರೆ ಎಳೆದಂತೆ ನೇರವಾಗಿದ್ದವು, ಮನೆಗಳಿಗೆ ಕ್ರಮವಾಗಿ ಅಂಕಿಗಳಿದ್ದವು; ಗಣಿತದವನಾದ ನನಗೆ ಪರಮಾನಂದವಾಗಬೇಕಿತ್ತು. ಆಗಲಿಲ್ಲ. ಜನ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಅಲಂಕಾರವಿಲ್ಲದೆ ಹೇಳುವುದಾದರೆ, ನಾನು ಒಂಟಿಯಾಗಿದ್ದೆ, ಸಂಜೆಗಳನ್ನು ಕಂಡರೆ ಹೆದರುತ್ತಿದ್ದೆ.

ಹೀಗಿರುವಾಗ ತರಬೇತಿಯ ನೆಪದಲ್ಲಿ ಬೆಳಗಾವಿಗೆ ಹೋದವನು, ಒಂದು ಬೇಲಿಯಾಚೆ ನೆರೆಗೂದಲಿನ ಹಿರಿಯರೊಬ್ಬರು ಚೆಂಡನ್ನು ಹೊಡೆದು, ಅದರ ಹಿಂದೆ ಸಾವಕಾಶ ನಡೆದು, ಮತ್ತೆ ಹೊಡೆಯುವುದನ್ನು ಕಂಡೆ. ಎದುರಾಳಿ ಇಲ್ಲ, ಜೊತೆಗಾರ ಇಲ್ಲ. ಒಬ್ಬನಿಗಾಗಿಯೇ ಹುಟ್ಟಿದ ಆಟ! ಮರುದಿನವೇ ಆಟದ ಸಾಮಾನಿನ ಅಂಗಡಿಯ ಮೆಟ್ಟಿಲು ಹತ್ತಿದೆ.

ಅಂಗಡಿಯವರು ದೂರಕ್ಕೊಂದು ಕೋಲು, ಸಮೀಪಕ್ಕೊಂದು ಕೋಲು, ಕುಳಿಗೆ ನೂಕಲು ಮತ್ತೊಂದು, ಇವನ್ನೆಲ್ಲ ತುಂಬಲು ಆಳೆತ್ತರದ ಚೀಲ, ಕೈಗವಸು, ಮೊಳೆಯ ಬೂಟು ಎಂದು ಒಂದೊಂದಾಗಿ ವರ್ಣಿಸತೊಡಗಿದರು. ಇಷ್ಟನ್ನು ಹೊರಲು ಒಂದು ಎತ್ತನ್ನೂ ಕೊಳ್ಳಬೇಕಾದೀತೆಂದು ನಾನು ಚಿಂತಿಸುತ್ತಿರುವಾಗ ಅವರಿಗೆ ನನ್ನ ಮುಖ ಅರ್ಥವಾಯಿತು. ಒಳಗಿನಿಂದ ಒಂದೇ ಕೋಲು ತಂದರು.

“ಹೊಸದಾಗಿ ಕಲಿಯಾವ್ರಿಗೆ ಇದೊಂದ ಸಾಕ್ರಿ ಸರ್. ಏಳನೇ ನಂಬರಿಂದು. ಯಾರೋ ಆಡಿ ಬಿಟ್ಟದ್ದೈತಿ, ಆದ್ರ ಛಲೋ ಐತಿ. ಹೊಡಿಯೂವಾಗ ಕಣ್ಣು ಚೆಂಡಿನ ಮ್ಯಾಲ ಇರ್ಲಿ, ತಲಿ ಎತ್ತಬ್ಯಾಡ್ರಿ.”

ಕೋಲಿನೊಂದಿಗೆ ಆರು ಹಳೆಯ ಚೆಂಡುಗಳನ್ನೂ ಕೊಂಡೆ. ಹಿಡಿಕೆ ಸವೆದಿತ್ತು, ಸೈಕಲ್ ಟ್ಯೂಬು ಸುತ್ತಿದೆ. ಬೂಟಿಗೆ ಶಾಲೆಯ ಕವಾಯತಿನ ಬಿಳಿ ಕ್ಯಾನ್ವಾಸು ಸಾಕೆಂದುಕೊಂಡೆ. ಚೆಂಡನ್ನು ನೆಲದಿಂದ ತುಸು ಎತ್ತರಿಸುವ ಗೂಟಕ್ಕೆ ಮಾತ್ರ ಹಣ ಹಾಕಲು ಮನಸ್ಸಾಗದೆ, ಹೆಬ್ಬೆರಳುದ್ದದ ಕಬ್ಬಿನ ತುಂಡನ್ನು ನೆಟ್ಟು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಹೇಗೆ ನಿಲ್ಲಬೇಕು, ಹೇಗೆ ಹಿಡಿಯಬೇಕು ಎಂದು ನಾನು ಯೋಚಿಸುವಷ್ಟರಲ್ಲಿ ಇರುವೆಗಳ ಮೆರವಣಿಗೆ ಚೆಂಡಿನವರೆಗೂ ಬಂದಿರುತ್ತಿತ್ತು.

ಮೈದಾನಕ್ಕೇನೂ ಕೊರತೆಯಿರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ನಮ್ಮ ಹಳೆಯ ಊರಿದ್ದ ಜಾಗ ಮೇಲೇಳುತ್ತದೆ. ಮನೆ ಮಠ ಏನೂ ಉಳಿದಿಲ್ಲ. ಮೆಕ್ಕಲು ಮಣ್ಣು, ಅದರ ಮೇಲೆ ಎಳೆಯ ಹುಲ್ಲು, ಸಪಾಟು ಬಯಲು. ಅಲ್ಲಿ ನಿಂತು, ಅಂಗಡಿಯವರ ಉಪದೇಶದಂತೆ ತಲೆ ತಗ್ಗಿಸಿ ಹೊಡೆದೆ. ತಲೆ ಎತ್ತಿದಾಗ ಚೆಂಡು ಎಲ್ಲಿ ಹೋಯಿತೆಂಬ ಸುಳಿವೇ ಇರಲಿಲ್ಲ. ವಾರದೊಳಗೆ ಐದು ಚೆಂಡು ಕಳೆದವು. ಆಗ ನನಗೆ ಹೊಳೆಯಿತು: ಹೊಡೆಯುವವನು ತಲೆ ಎತ್ತುವಂತಿಲ್ಲವಾದರೆ, ಚೆಂಡು ಬಿದ್ದ ಜಾಗ ನೋಡಲು ಇನ್ನೊಬ್ಬರು ಬೇಕೇ ಬೇಕು. ಒಬ್ಬನೇ ಆಡಬಹುದೆಂದು ಹುಡುಕಿ ತಂದ ಆಟಕ್ಕೂ ಎರಡನೆಯವರು ಬೇಕಾಗಿತ್ತು. ಅಂಗಡಿಯವರ ಪಟ್ಟಿಯಲ್ಲಿ ಆ ಸಾಮಾನು ಇರಲಿಲ್ಲ.

ಆರನೆಯದೂ ಕಳೆದರೆ ಹಾಲಿನವನ ಮಾತು ಒಪ್ಪಿಕೊಂಡು ಕೋಲನ್ನು ಹಾವುಗಳಿಗೆ ಮೀಸಲಿಡುವುದೆಂದು ತೀರ್ಮಾನಿಸಿದ ಸಂಜೆ, ಸಂಗವ್ವ ಎಮ್ಮೆ ಮೇಯಿಸಲು ಅಲ್ಲಿಗೆ ಬಂದಿದ್ದರು. ಹಳೆಯ ಊರಿನಲ್ಲಿ ಅವರದು ನಮ್ಮ ಹಿಂದಿನ ಓಣಿ. ಈಗ ಬೇರೊಂದು ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಆರೇಳು ವರ್ಷದಿಂದ ನಾವು ಭೇಟಿಯಾಗಿರಲಿಲ್ಲ. ನನ್ನ ಕೈಯಲ್ಲಿರುವುದೇನೆಂದು ಅವರು ಕೇಳಲೂ ಇಲ್ಲ. ಹೊಡೆದು ತಲೆ ಎತ್ತಿದೆ.

“ಗಿರಣಿ ಹಿಂದ ಬಿತ್ತು ನೋಡ್ರಿ ಮಾಸ್ತರ,” ಎಂದರು ಸಂಗವ್ವ.

ಅಲ್ಲಿ ಗಿರಣಿ ಇರಲಿಲ್ಲ, ಹುಲ್ಲಿತ್ತು. ಆದರೂ ಹಿಟ್ಟಿನ ಗಿರಣಿ ಇದ್ದ ಜಾಗ ದಾಟಿ ಹೋದೆ. ಚೆಂಡು ಸಿಕ್ಕಿತು. ಮತ್ತೆ ಹೊಡೆದೆ. “ಈಗ ಸಾಲಿ ಮುಂದ.” ಶಾಲೆಯಿದ್ದ ಜಾಗದ ಮುಂದೆಯೂ ಸಿಕ್ಕಿತು. ನಡೆಯುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಎರಡು ಬಿಂದುಗಳ ನಡುವೆ ಸರಳರೇಖೆಯೇ ಅತಿ ಹತ್ತಿರದ ದಾರಿ ಎಂದು ಇಪ್ಪತ್ತೈದು ವರ್ಷ ಪಾಠ ಹೇಳಿದ ನಾನು ಆ ಬಟ್ಟಬಯಲಿನಲ್ಲಿ ನೇರ ನಡೆಯುತ್ತಿರಲಿಲ್ಲ. ಓಣಿ ತಿರುಗುತ್ತಿದ್ದಲ್ಲಿ ತಿರುಗುತ್ತಿದ್ದೆ. ಜನರ ಮನೆಗಳ ನಡುವೆ ನುಗ್ಗಿ ಹೋಗಲು ಕಾಲು ಒಪ್ಪುತ್ತಿರಲಿಲ್ಲ. ಸಂಗವ್ವನವರೂ ಎಮ್ಮೆಗಳನ್ನು ಓಣಿ ಹಿಡಿದೇ ಹೊಡೆದುಕೊಂಡು ಬರುತ್ತಿದ್ದರು.

ಮೂರನೆಯ ಸಲ ಹೊಡೆದೆ. ಸಂಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ನಮ್ಮ ಅಡಗಿ ಮನ್ಯಾಗ ಬಿತ್ತಲ್ರೀ!”

ಓಣಿ ಸುತ್ತಿ ಹೋದೆ. ಹತ್ತು ಹೆಜ್ಜೆ ಆಚೆ ಹುಲ್ಲಿನಲ್ಲಿ ಚೆಂಡು ಬೆಳ್ಳಗೆ ಕಾಣುತ್ತಿತ್ತು. ಗೋಡೆ ಇಲ್ಲ, ಹೊಸ್ತಿಲಿಲ್ಲ. ಆದರೂ ಕಾಲು ಮುಂದೆ ಹೋಗಲಿಲ್ಲ, ನಿಂತುಬಿಟ್ಟೆ. ಎಮ್ಮೆಗಳನ್ನು ಬಿಟ್ಟು ಸಂಗವ್ವ ನನ್ನನ್ನು ದಾಟಿ ಮುಂದೆ ಹೋದರು. ಚೆಂಡಿನ ಪಕ್ಕದಲ್ಲಿ ನಿಂತು ಹೊರಳಿ ನೋಡಿದರು.

“ಹೊರಗ್ಯಾಕ ನಿಂತ್ರಿ ಮಾಸ್ತರ? ಒಳಗ ಬರ್ರಿ.”

ಊರು ಬಿಟ್ಟ ಮೇಲೆ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಅವರ ಮನೆಯ ಬಾಗಿಲು ತಗ್ಗಾಗಿತ್ತು. ತಲೆ ಬಗ್ಗಿಸಿ ಒಳಗೆ ಹೋದೆ.