ಪಾಂಡವರ ಕಲ್ಲಿನ ಪಡುಮೂಲೆ

ಗುತ್ತಿಗಾರಿನಿಂದ ಮೇಲೆ, ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಪಾಂಡವರ ಕಲ್ಲು ಉಂಟು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು, ಅಷ್ಟೆ. ವನವಾಸದಲ್ಲಿ ಪಾಂಡವರು ಮಲಗಲು ಕಟ್ಟಿಕೊಂಡದ್ದು ಎಂದು ಹೇಳುತ್ತಿದ್ದರು. ಅದರೊಳಗೆ ಭೀಮ ಹೇಗೆ ಹಿಡಿಸಿದ ಎಂದು ಯಾರೂ ಕೇಳುತ್ತಿರಲಿಲ್ಲ. ಸೊಪ್ಪಿನ ಹೊರೆ ಇಳಿಸಲು ನನಗೆ ಅದು ಸರಿಯಾದ ಎತ್ತರ. ಪಡುಮೂಲೆಗೆ ಒರಗಿ ಕೂತು, ಎಲೆಯಡಿಕೆ ಹಾಕಿ, ಅಲ್ಲೇ ಉಗಿದು ಎದ್ದು ಬರುತ್ತಿದ್ದೆ.

ಮದುವೆಯಾಗಿ ಎರಡನೇ ಮಳೆಗಾಲಕ್ಕೆ ನನ್ನ ಚೊಚ್ಚಲ ಮಗು ಹೋಯಿತು. ಹೆಣ್ಣು. ಹೆಸರಿಟ್ಟಿರಲಿಲ್ಲ, ಬಾಲೆ ಎಂದೇ ಕರೆಯುತ್ತಿದ್ದೆವು. ಜ್ವರ ಬಂತು, ಹಾಲು ಕುಡಿಯುವುದು ಬಿಟ್ಟಿತು, ಹೋಯಿತು. ಹಲ್ಲು ಬಾರದ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುವುದು. ಅಪ್ಪ ಒಬ್ಬನೇ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಬೇಕು. ಗುರುತಿಗೆ ಏನೂ ಇಡುವಂತಿಲ್ಲ. ಹೆತ್ತವಳಿಗೆ ಜಾಗ ಹೇಳುವಂತಿಲ್ಲ. ಹೇಳಿದರೆ ಅವಳು ಹೋಗಿ ಅಲ್ಲೇ ಕೂರುತ್ತಾಳೆ, ಮುಂದಿನ ಮಗು ನಿಲ್ಲುವುದಿಲ್ಲ ಎಂದು ಹಿರಿಯರ ಮಾತು.

ಗಂಡನ ಹತ್ತಿರ ಕೇಳಿದೆ, ಹೇಳಲಿಲ್ಲ. ಅತ್ತೆಯ ಹತ್ತಿರ ಕೇಳಿದೆ.

"ನಂದೂ ಹೋಗಿದೆ. ನಾನು ಯಾರ ಹತ್ರ ಆದ್ರೂ ಕೇಳಿದ್ದೇನಾ?" ಎಂದರು.

ಮತ್ತೆ ಕೇಳಲಿಲ್ಲ. ಆದರೆ ತೋಡಿನ ನೀರಿನ ಬದಿಯಲ್ಲಿ ಮಣ್ಣು ಸ್ವಲ್ಪ ಎದ್ದಂತೆ ಕಂಡರೂ ಕಾಲು ನಿಲ್ಲುತ್ತಿತ್ತು. ನನಗೆ ಮತ್ತೆ ಮಕ್ಕಳಾಗಲಿಲ್ಲ.

ಹಟ್ಟಿಯ ದನಗಳಿಗೆ ನನ್ನ ದುಃಖ ಗೊತ್ತಿಲ್ಲ. ಸೊಪ್ಪಿಗೆ ಹೋದೆ, ಮೊದಲಿನ ಹಾಗೆ ಕಲ್ಲಿಗೆ ಒರಗಿ ಕೂತೆ. ಗಂಡ ಕಂಡರೆ ಬೈಯುತ್ತಿದ್ದರು.

"ಅಲ್ಲಿ ಕೂರ್ಬೇಡ ಅಂತ ಎಷ್ಟು ಸಲ ಹೇಳುದು ನಿಂಗೆ? ಹಾವು ಉಂಟು."

"ಇರ್ಲಿ. ಅದ್ರ ತಲೆಗೂ ಒಂದು ಹೊರೆ ಇಡುವ."

ಹೀಗೆ ವರ್ಷಗಳು ಹೋದವು. ಕನ್ನಡ ರಾಜ್ಯ ಆದ ಮೇಲೆ, ಸುಳ್ಯ ಇನ್ನೂ ಪುತ್ತೂರು ತಾಲೂಕಿನಲ್ಲೇ ಇದ್ದಾಗ, ಪುತ್ತೂರಿನಿಂದ ಒಂದು ಜೀಪು ಬಂತು. ಹಳೆಯ ಕಾಲದ ಜಾಗಗಳನ್ನು ಅಗೆದು ನೋಡುವ ಒಬ್ಬ ಹರೆಯದ ಆಫೀಸರ್, ಜೊತೆಗೆ ಒಬ್ಬರು ಬಿಳಿಯ ಮುದುಕ. ಮುದುಕರು ಕೊಡಗಿನ ಕಾಫಿ ತೋಟದಲ್ಲಿ ಬಹಳ ಕಾಲ ಇದ್ದವರು, ಕನ್ನಡ ಬರುತ್ತಿತ್ತು.

"ಇಂಗ್ಲೆಂಡಿನವರಾ?" ಎಂದು ಅತ್ತೆ ಕೇಳಿದರು.

"ಅಲ್ಲ ಅಮ್ಮ, ಐರ್ಲೆಂಡ್. ಇಂಗ್ಲೆಂಡಿನವರು ನಮ್ಮನ್ನೂ ಆಳಿದ್ದಾರೆ."

"ಹಾಗಾದ್ರೆ ನಮ್ಮವರೇ. ಕೂತ್ಕೊಳ್ಳಿ, ಮಜ್ಜಿಗೆ ಕುಡೀರಿ."

ಅವರ ಊರಿನಲ್ಲೂ ಇಂಥದೇ ಕಲ್ಲುಗಳಿವೆಯಂತೆ. ರಾಜನಿಗೆ ನಿಶ್ಚಯವಾಗಿದ್ದ ಹುಡುಗಿ ಇನ್ನೊಬ್ಬನ ಜೊತೆ ಓಡಿಹೋಗಿ, ರಾತ್ರಿಗೊಂದು ಕಲ್ಲಿನ ಕೆಳಗೆ ಮಲಗಿದಳು ಎಂದು ಅಲ್ಲಿಯ ಅಜ್ಜಿಯಂದಿರು ಹೇಳುವುದಂತೆ.

"ಪಾಂಡವರಿಗಿಂತ ಇವಳೇ ಜೋರು ಮಾರಾಯ್ರೆ," ಎಂದರು ಅತ್ತೆ.

ಆಫೀಸರ್ ನಕ್ಕ. ಪಾಂಡವರೂ ಅಲ್ಲ, ಓಡಿಹೋದವರೂ ಅಲ್ಲ, ಎರಡು ಕಡೆಯೂ ಹಿಂದಿನ ಜನ ಸತ್ತವರನ್ನು ಇಟ್ಟ ಜಾಗ ಎಂದ. ಮಣ್ಣಿನೊಳಗೆ ಮಡಕೆ, ಎಲುಬು ಸಿಕ್ಕಿದರೆ ಎಷ್ಟು ಹಳತು ಎಂದು ಹೇಳಬಹುದು ಎಂದ. ಎಲುಬು ಎಂದಾಗ ಗಂಡ ಕೈಯಲ್ಲಿದ್ದ ಚೆಂಬು ಕೆಳಗಿಟ್ಟರು.

"ನಾನೇ ಅಗೀತೇನೆ. ಬೇರೆ ಆಳು ಬೇಡ," ಎಂದರು.

ಸಂಬಳದ ಆಸೆ ಎಂದು ನಾನು ಎಣಿಸಿದೆ.

ಮರುದಿನ ಗಂಜಿ ತೆಗೆದುಕೊಂಡು ಹೋದಾಗ ಕಲ್ಲಿನ ಮೂರು ಬದಿ ಅಗೆದಾಗಿತ್ತು. ಒಡೆದ ಮಡಕೆ ಚೂರುಗಳನ್ನು ಗೋಣಿಯ ಮೇಲೆ ಹರಡಿದ್ದರು. ಆಫೀಸರ್ ಪಡುಮೂಲೆಯನ್ನು ತೋರಿಸಿದ.

"ಅದನ್ನು ಯಾಕೆ ಬಿಟ್ರಿ?"

"ಅಲ್ಲಿ ನಾಗ ಉಂಟು," ಎಂದರು ಗಂಡ.

"ಎಲ್ಲಿ? ಹುತ್ತವೂ ಇಲ್ಲ."

"ಉಂಟು. ನಾಗನ ಜಾಗ ಅಗೀಲಿಕ್ಕಿಲ್ಲ."

ನಮ್ಮಲ್ಲಿ ನಾಗನ ಹೆಸರು ಹಿಡಿದು ಯಾರೂ ಸುಳ್ಳು ಹೇಳುವುದಿಲ್ಲ. ನನ್ನ ಗಂಡನಂತೂ ಬಾಯಿ ತಪ್ಪಿಯೂ ಹೇಳುವವರಲ್ಲ. ಆದರೆ ಇಷ್ಟು ವರ್ಷ ಅಲ್ಲಿ ಕೂತವಳು ನಾನು, ಒಂದು ಹಾವಿನ ಪೊರೆಯನ್ನೂ ಕಂಡಿಲ್ಲ. ಆಫೀಸರ್ ತಾನೇ ಪಿಕ್ಕಾಸು ಎತ್ತಿಕೊಂಡ. ಗಂಡ ಹೋಗಿ ಆ ಮೂಲೆಯಲ್ಲಿ ಕೂತುಬಿಟ್ಟರು.

ಮುದುಕರು ಆಫೀಸರನ ಕೈ ಹಿಡಿದು ನಿಲ್ಲಿಸಿದರು. ಅವರ ಊರಿನಲ್ಲಿ, ಇಗರ್ಜಿಯಲ್ಲಿ ಪಾದ್ರಿ ತಲೆಗೆ ನೀರು ಹಾಕಿ ಹೆಸರಿಡುವ ಮೊದಲೇ ಸತ್ತ ಮಕ್ಕಳಿಗೆ ಇಗರ್ಜಿಯ ಬಳಿ ಜಾಗ ಕೊಡುತ್ತಿರಲಿಲ್ಲವಂತೆ. ಅಪ್ಪಂದಿರು ಎತ್ತಿಕೊಂಡು ಬಂದು ಹೀಗೆ ಹಳೆಯ ಕಲ್ಲುಗಳ ಬುಡದಲ್ಲಿ ಹೂಳುತ್ತಿದ್ದರಂತೆ. ಅಲ್ಲಾದರೆ ಯಾರೂ ಉಳುವುದಿಲ್ಲ, ಹೆದರಿ ಅಗೆಯುವುದೂ ಇಲ್ಲ.

"ನನ್ನ ಅಪ್ಪನೂ ಒಂದನ್ನು ತಕೊಂಡು ಹೋದರು. ಯಾವ ಕಲ್ಲು ಅಂತ ಅಮ್ಮನಿಗೆ ಹೇಳಲೇ ಇಲ್ಲ," ಎಂದರು. ಯಾರ ಮುಖವನ್ನೂ ನೋಡಲಿಲ್ಲ, ಮಣ್ಣು ನೋಡಿ ಹೇಳಿದರು.

ಆಫೀಸರ್ ಪಿಕ್ಕಾಸು ಕೆಳಗಿಟ್ಟು ಜೀಪಿನ ಕಡೆ ಹೋದ. ನಾನು ಗಂಜಿಯ ಪಾತ್ರೆ ಇಳಿಸಿದೆ.

"ಇಲ್ಲಿಯಾ?" ಎಂದು ಕೇಳಿದೆ.

ಗಂಡ ತಲೆ ಎತ್ತದೆ ಅಂಗೈಯಿಂದ ಮಣ್ಣು ಸವರುತ್ತಿದ್ದರು. ಅಲ್ಲೇ ಕಲ್ಲಿನ ಮೇಲೆ ನಾನು ಉಗಿದ ಎಲೆಯಡಿಕೆಯ ಕೆಂಪು ಒಣಗಿ ಅಂಟಿತ್ತು.

"ಹೇಳಿದ್ರೆ ನೀನು ದಿನಾ ಬಂದು ಇಲ್ಲೇ ಕೂರ್ತಿದ್ದಿ," ಎಂದರು.

"ದಿನಾ ಬಂದು ಇಲ್ಲೇ ಕೂತಿದ್ದೆ," ಎಂದೆ.

ಆ ಮೂಲೆಯನ್ನು ಹಾಗೇ ಬಿಟ್ಟು, ಉಳಿದ ಕಡೆಯ ಹೊಂಡಗಳನ್ನು ಮುಚ್ಚಿಸಿ ಜೀಪಿನವರು ಹೋದರು. ಆಮೇಲೆ ನಾನು ಸೊಪ್ಪಿಗೆ ಆಚೆ ಗುಡ್ಡಕ್ಕೆ ಹೋಗುತ್ತಿದ್ದೆ. ಅಲ್ಲಿ ಹೊರೆ ಇಳಿಸಲು ಕಲ್ಲು ಇರಲಿಲ್ಲ.